ಡಬ್ಬಿಯ ತೂಕ

ನಮ್ಮಮ್ಮ ಕೆಲಸದಿಂದ ಬಂದ ತಕ್ಷಣ ಮಾತಾಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಚೀಲವನ್ನು ನನ್ನ ಕೈಗೆ ಕೊಟ್ಟು, ನೆಲದ ಮೇಲೆ ಅಂಗಾತ ಮಲಗಿ ಎರಡೂ ಕಾಲುಗಳನ್ನು ಗೋಡೆಗೆ ಏರಿಸಿಬಿಡುತ್ತಿದ್ದಳು. ಹಿಮ್ಮಡಿ ತಾಗಿ ತಾಗಿ ಆ ಗೋಡೆಯಲ್ಲಿ ಎರಡು ಮಾಸಲು ಕಲೆಗಳಾಗಿದ್ದವು. ಸುಣ್ಣ ಬಳಿಸಿದರೂ ಸ್ವಲ್ಪ ದಿನದಲ್ಲೇ ಮತ್ತೆ ಮೂಡುತ್ತಿದ್ದವು. ಅಮ್ಮ ನರ್ಸು, ಹಳೆಯ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ. ಅಪ್ಪ ಲಾರಿ ಓಡಿಸುತ್ತಿದ್ದರು, ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಿದ್ದರು. ಹಾಗಾಗಿ ಅಮ್ಮನ ಚೀಲ ಬಿಚ್ಚುವ ಅಧಿಕಾರ ನನಗೂ ನನ್ನ ತಂಗಿಗೂ ಸೇರಿತ್ತು.

ಚೀಲದಲ್ಲಿ ಊಟದ ಡಬ್ಬಿ ಇರುತ್ತಿತ್ತು. ಬೆಳಿಗ್ಗೆ ತುಂಬಿಕೊಂಡು ಹೋದದ್ದು ಸಂಜೆ ಹಾಗೇ ವಾಪಸು ಬರುತ್ತಿತ್ತು. ತಣ್ಣಗಾದ ಅನ್ನ, ನೀರು ಬಿಟ್ಟುಕೊಂಡ ತರಕಾರಿ, ಒಂದು ಬೇಯಿಸಿದ ಮೊಟ್ಟೆ. ನಮಗೋ ಅದು ಮೃಷ್ಟಾನ್ನ. ಮೊಟ್ಟೆಗಾಗಿ ಜಡೆ ಹಿಡಿದು ಜಗಳವಾಡುತ್ತಿದ್ದೆವು. "ಅಮ್ಮ ನಮಗೋಸ್ಕರ ಉಳಿಸ್ಕೊಂಡು ಬರ್ತಾಳೆ" ಎಂದು ನಾನು ತಂಗಿಗೆ ಹೇಳಿದ್ದೆ. ಅವಳು ನಂಬಿದಳು. ಹೇಳಿ ಹೇಳಿ ನಾನೂ ನಂಬಿದೆ.

ತಂಗಿಗೆ ಮನೆಯಲ್ಲಿ ಪಿಟೀಲು ಎಂದು ಹೆಸರು. ಚಿಕ್ಕವಳಿದ್ದಾಗ ಅಳಲು ಶುರುಮಾಡಿದರೆ ಒಂದೇ ಸ್ವರ ಹಿಡಿದು ಸಂಜೆಯವರೆಗೂ ಎಳೆಯುತ್ತಿದ್ದಳು. ಅಂಥ ಪಿಟೀಲು ದೊಡ್ಡವಳಾಗಿ ನರ್ಸಿಂಗ್ ಓದುತ್ತೇನೆ ಎಂದಾಗ ಅಮ್ಮ ಗೋಡೆಗೆ ಕಾಲು ಏರಿಸಿಕೊಂಡಿದ್ದವಳು ಕಣ್ಣು ಮುಚ್ಚಿಕೊಂಡಳು, ಅಷ್ಟೇ.

ನಾನು ಓದು ಬಿಟ್ಟು ಹೊಲಿಗೆ ಹಿಡಿದವಳು. ಆಸ್ಪತ್ರೆಗಳ ರಸ್ತೆಯಲ್ಲೇ ನನ್ನ ಅಂಗಡಿ. ನರ್ಸುಗಳ ಯೂನಿಫಾರಂ ಹಿಡಿಸುವುದು, ಬಿಡಿಸುವುದು ನನ್ನ ಹೊಟ್ಟೆಪಾಡು. ಹಿಡಿಸುವುದೇ ಹೆಚ್ಚು. ಹೊಸದಾಗಿ ಸೇರಿದ ಹುಡುಗಿಯರು ಅಳತೆ ಕೊಟ್ಟು ಹೋಗಿ ಕೆಲವೇ ತಿಂಗಳಲ್ಲಿ "ಅಕ್ಕಾ, ಸೊಂಟದಲ್ಲಿ ನಿಲ್ತಿಲ್ಲ, ಸ್ವಲ್ಪ ಹಿಡೀರಿ" ಎಂದು ಬರುತ್ತಾರೆ. ಅವರ ಕಣ್ಣ ಕೆಳಗಿನ ಕಪ್ಪನ್ನು ಹಿಡಿಸಲು ನನ್ನಲ್ಲಿ ಸೂಜಿ ಇಲ್ಲ. ಹೀಗಾಗಿ ಆಸ್ಪತ್ರೆ ಕಂಡರೆ ನನಗೆ ಆಗುವುದಿಲ್ಲ, ತುತ್ತು ಕೊಡುವುದು ಅದೇ ಆದರೂ.

ಪಿಟೀಲು ಪಾಸಾದ ಮೇಲೆ ಮೂರು ಕಡೆಯಿಂದ ಕರೆ ಬಂತು. ಒಂದು, ಹೊಸದಾಗಿ ಎದ್ದ ಗಾಜಿನ ಆಸ್ಪತ್ರೆ. ಇನ್ನೊಂದು, ನಮ್ಮ ಮನೆಗೆ ಹತ್ತಿರದ ನರ್ಸಿಂಗ್ ಹೋಮ್. ಮೂರನೆಯದು ಅಮ್ಮ ಆಯುಷ್ಯವೆಲ್ಲ ದುಡಿದು ನಿವೃತ್ತಳಾದ ಆ ದೊಡ್ಡಾಸ್ಪತ್ರೆ.

"ಎಲ್ಲಿಗೆ ಬೇಕಾದ್ರೂ ಹೋಗು, ಅಲ್ಲಿಗೆ ಮಾತ್ರ ಬೇಡ" ಎಂದಳು ಅಮ್ಮ.

ಪಿಟೀಲಿನ ಆಸೆ ದೊಡ್ಡದೇನಾಗಿರಲಿಲ್ಲ. "ಕೆಲಸ ಎಷ್ಟಿದ್ರೂ ಮಾಡ್ತೀನಿ ಅಕ್ಕಾ" ಎಂದು ನನ್ನ ಹತ್ತಿರ ಹೇಳಿಕೊಂಡಳು. "ಆದ್ರೆ ಮನೆಗೆ ಬಂದಾಗ ನಿಮ್ಮ ಜೊತೆ ಮಾತಾಡೋವಷ್ಟಾದ್ರೂ ಶಕ್ತಿ ಉಳಿದಿರ್ಬೇಕು. ಅಮ್ಮನ ಥರ ಆಗ್ಬಾರ್ದು." ಅಮ್ಮ ಪಕ್ಕದ ಕೋಣೆಯಲ್ಲಿದ್ದಳು. ಕೇಳಿಸಿತೋ ಏನೋ, ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ನಿಂತಳು.

"ಸೇರೋಕೆ ಮುಂಚೆ ಮಧ್ಯಾಹ್ನದ ಊಟದ ಹೊತ್ತು ಮುಗಿದ ಮೇಲೆ ಹೋಗಿ ನೋಡು. ಮಿಷನ್ನು, ಲಿಫ್ಟು ಎಲ್ಲಾ ಅವ್ರೇ ತೋರಿಸ್ತಾರೆ. ನೀನು ಸಿಸ್ಟರ್‌ಗಳ ರೂಮಿಗೆ ಹೋಗಿ ಊಟದ ಡಬ್ಬಿ ಎತ್ತಿ ನೋಡು. ಭಾರ ಇದ್ರೆ ಆ ಜಾಗ ಬೇಡ."

ಹೀಗೆ ನನ್ನ ತಂಗಿ ಆಸ್ಪತ್ರೆಗಳ ಡಬ್ಬಿ ತೂಗಲು ಹೊರಟಳು. ಒಬ್ಬಳೇ ಹೋಗಲು ಸಂಕೋಚ ಎಂದು ನನ್ನನ್ನೂ ಎಳೆದುಕೊಂಡಳು. ಅಂಗಡಿಯ ಷಟರ್ ಎಳೆದು, ಗೊಣಗಿಕೊಂಡೇ ಹೋದೆ.

ಗಾಜಿನ ಆಸ್ಪತ್ರೆಯಲ್ಲಿ ಟೈ ಕಟ್ಟಿದವರೊಬ್ಬರು ನಮ್ಮನ್ನು ಮಹಡಿಯಿಂದ ಮಹಡಿಗೆ ಸುತ್ತಿಸಿದರು. ನೆಲದಲ್ಲಿ ಮುಖ ಕಾಣುತ್ತಿತ್ತು. ಅವರಿಗೆ ಫೋನು ಬಂದದ್ದೇ ತಡ, ಪಿಟೀಲು ಸಿಸ್ಟರ್‌ಗಳ ಕೋಣೆಗೆ ನುಗ್ಗಿದಳು. ಕಪಾಟಿನ ಮೇಲೆ ಡಬ್ಬಿಗಳ ಸಾಲು. ಒಂದನ್ನು ಎತ್ತಿದಳು, ಭಾರವಿತ್ತು. ಇನ್ನೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಾಗ ಹಿಂದಿನಿಂದ ಒಬ್ಬ ನರ್ಸು ಬಂದಳು. ಹಾಡಹಗಲೇ ಊಟ ಕದಿಯುವವರಾಗಿ ಸಿಕ್ಕಿಬಿದ್ದಿದ್ದೆವು.

ಅವಳು ಬೈಯಲಿಲ್ಲ. ಗ್ಲೌಸಿನ ಪೊಟ್ಟಣಕ್ಕೆ ಕೈ ಹಾಕುತ್ತಾ ಪಿಟೀಲನ್ನು ಒಮ್ಮೆ ನೋಡಿ, "ಹಸಿವಾ? ತಿನ್ಕೊಳ್ಳಿ. ಅದು ನಂದೇ. ನಂಗೆ ಹೇಗೂ ಇವತ್ತು ಆಗಲ್ಲ" ಎಂದು ಓಡಿದಳು.

ಪಿಟೀಲು ಡಬ್ಬಿಯನ್ನು ಇದ್ದಲ್ಲೇ ಇಟ್ಟಳು. ಲಿಫ್ಟಿನಲ್ಲಿ ನಾವಿಬ್ಬರೂ ನಕ್ಕೆವು, ಆದರೆ ರಸ್ತೆಗೆ ಬರುವಷ್ಟರಲ್ಲಿ ನಗು ನಿಂತಿತ್ತು.

ನರ್ಸಿಂಗ್ ಹೋಮಿನ ಡಾಕ್ಟರು ನಮ್ಮನ್ನು ಕೂರಿಸಿ ಪ್ರೀತಿಯಿಂದಲೇ ಮಾತಾಡಿಸಿದರು. "ನಮ್ದು ಒಂದೇ ಕುಟುಂಬ ಇದ್ದ ಹಾಗೆ ನೋಡಮ್ಮ" ಎಂದರು. ನನಗೆ ಅಲ್ಲೇ ಅನುಮಾನ ಹುಟ್ಟಿತು. ಕುಟುಂಬದಲ್ಲಿ ರಜೆ ಎಂಬುದು ಇರುವುದಿಲ್ಲ, ಅದನ್ನು ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಅಲ್ಲಿ ಕೆಳಗೂ ಮೇಲೂ ಓಡಾಡಲು ಇದ್ದವಳು ಒಬ್ಬಳೇ ನರ್ಸು. ಅವಳ ಡಬ್ಬಿ ಕಿಟಕಿಯ ಕಟ್ಟೆಯ ಮೇಲಿತ್ತು. ಪಿಟೀಲು ಎತ್ತಿ, ಹಗುರವಾಗಿದೆ ಎಂದು ನನಗೆ ಕಣ್ಣಲ್ಲೇ ಹೇಳಿದಳು. ನನಗೂ ಸಮಾಧಾನವಾಯಿತು. ಮನೆಗೆ ಹತ್ತಿರ, ಪರಿಚಯದ ಡಾಕ್ಟರು, ಸಾಕಲ್ಲ ಎನ್ನಿಸಿತು.

"ಅದ್ರಲ್ಲಿ ಹತ್ತಿ ಇದೆ" ಎಂದಳು ಆ ನರ್ಸು, ಸಿರಿಂಜಿಗೆ ಔಷಧಿ ಎಳೆಯುತ್ತಾ. "ಊಟ ತರೋದು ಬಿಟ್ಟು ಎಷ್ಟೋ ಕಾಲ ಆಯ್ತು. ತಂದು ತಂದು ಚೆಲ್ಲೋದ್ಯಾಕೆ ಅಂತ."

ಮನೆಯ ದಾರಿಯಲ್ಲಿ ಪಿಟೀಲು, ಇನ್ನೂ ಕೆಲಸಕ್ಕೇ ಸೇರದವಳು ಆಗಲೇ ದಣಿದವಳ ಹಾಗೆ ನಡೆಯುತ್ತಿದ್ದಳು. "ಬಿಡು, ನನ್ನ ಅಂಗಡಿಗೆ ಬಾ, ಕಾಜಾ ಹೊಲಿ" ಎಂದೆ. "ನಿನ್ನ ಕೈಕೆಳಗೆ ಕೆಲಸ ಮಾಡೋದಕ್ಕಿಂತ ಆ ಡಾಕ್ಟರೇ ವಾಸಿ" ಎಂದಳು. ಅಷ್ಟಾದರೂ ಜೀವ ಉಳಿದಿದೆಯಲ್ಲ ಎಂದುಕೊಂಡೆ.

ಮರುದಿನ ಅಮ್ಮನಿಗೆ ಹೇಳದೆ ದೊಡ್ಡಾಸ್ಪತ್ರೆಗೆ ಹೋದೆವು.

ಹಳೆಯ ಕಟ್ಟಡ. ಫಿನಾಯಿಲ್ ವಾಸನೆ ಗೇಟಿನಲ್ಲೇ ಎದುರುಗೊಂಡಿತು. ಅಮ್ಮನ ಸೆರಗಿನಲ್ಲಿ ಇರುತ್ತಿದ್ದ ವಾಸನೆ ಅದೇ. ಹೆಂಗಸರ ವಾರ್ಡಿನಲ್ಲಿ ಮಂಚಗಳು ಸಾಲದೆ ನೆಲದ ಮೇಲೂ ಹಾಸಿಗೆ ಹಾಕಿದ್ದರು. ಇಲ್ಲಿನ ಡಬ್ಬಿಗಳು ಕಲ್ಲಿನ ಹಾಗೆ ಭಾರವಿರುತ್ತವೆ ಎಂದು ನಾನು ಒಳಗೆ ಕಾಲಿಡುವ ಮೊದಲೇ ತೀರ್ಮಾನ ಮಾಡಿದ್ದೆ. ಸಿಸ್ಟರ್‌ಗಳ ಕೋಣೆಯ ಕಪಾಟಿನ ಮೇಲೆ ಹಳೆಯ ಪೇಪರ್ ಹಾಸಿ, ಡಬ್ಬಿಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದರು. ಎತ್ತಿ ನೋಡುವ ಅಗತ್ಯವೇ ಇರಲಿಲ್ಲ. ಆದರೂ ಪಿಟೀಲು ಒಂದೊಂದನ್ನೇ ಎತ್ತಿ ನೋಡಿದಳು.

"ಏನಮ್ಮ, ಡಬ್ಬಿ ವ್ಯಾಪಾರವಾ?" ಎಂದು ಹಿಂದಿನಿಂದ ಧ್ವನಿ ಬಂತು. ವಾರ್ಡಿನ ಮುಖ್ಯ ಸಿಸ್ಟರು, ದಪ್ಪನೆಯ ಹೆಂಗಸು, ನಡೆದರೆ ಬೂಟು ಕಿರುಗುಟ್ಟುತ್ತಿತ್ತು. ಪಿಟೀಲು ತಡವರಿಸುತ್ತಾ ವಿಷಯ ಹೇಳಿದಳು. ಯಾರ ಮಗಳು ಎಂಬುದನ್ನು ಮಾತ್ರ ಹೇಳಲಿಲ್ಲ. ಸಿಸ್ಟರು ನಕ್ಕು ಸ್ಟೂಲಿನ ಮೇಲೆ ಕುಳಿತರು, ಕುಳಿತ ಕೂಡಲೇ ಮೊಣಕಾಲು ಒತ್ತಿಕೊಂಡರು.

"ಇಲ್ಲಿ ಹೊಸಬರು ಮೊದಲು ಉಣ್ಣಬೇಕು. ಅವರ ಬೆಡ್ಡುಗಳನ್ನ ಹಳಬರು ನೋಡ್ಕೋತಾರೆ. ಯಾರೂ ಬರೆದಿಟ್ಟ ರೂಲ್ ಅಲ್ಲ ಇದು. ನಾನು ಸೇರಿದ ಹೊಸದ್ರಲ್ಲಿ ಒಂದಿನ ತಲೆ ತಿರುಗಿ ಡ್ರೆಸ್ಸಿಂಗ್ ಟ್ರೇ ಸಮೇತ ಬಿದ್ದೆ. ರೋಗಿ ಮೇಲೇನೇ ಬಿದ್ದೆ! ಆಗ ಒಬ್ಬರು ಹಿರೀ ಸಿಸ್ಟರ್ ಇದ್ರು, ಮಾತು ಬಹಳ ಕಮ್ಮಿ. ಅವತ್ತಿಂದ ದಿನಾ ಹೊತ್ತಿಗೆ ಸರಿಯಾಗಿ ಬಂದು ನನ್ನ ಕೈಯಿಂದ ಟ್ರೇ ಕಿತ್ಕೊಳ್ಳೋರು. 'ಹೋಗು, ಉಂಡು ಬಾ, ನಾನಿದೀನಿ' ಅನ್ನೋರು. ನಂಗೊಬ್ಬಳಿಗೇ ಅಲ್ಲ, ಬಂದ ಹುಡುಗೀರಿಗೆಲ್ಲಾ ಅದೇ ಮಾತು. ಅವ್ರು ಹೋದ್ಮೇಲೆ ನಾವೆಲ್ಲಾ ಸರದಿ ಮೇಲೆ ಹಾಗೇ ಮಾಡ್ತೀವಿ. ಇವತ್ತು ನನ್ನ ಸರದಿ, ನನ್ನ ಡಬ್ಬಿ ಇನ್ನೂ ಚೀಲದಲ್ಲೇ ಇದೆ."

"ಅವ್ರು ಯಾವಾಗ ಉಣ್ತಿದ್ರು?" ಎಂದಳು ಪಿಟೀಲು.

"ಯಾರು ನೋಡಿದ್ರು? ಕೇಳಿದ್ರೆ, ಮನೇಲಿ ಇಬ್ಬರು ಮಕ್ಕಳಿದಾರೆ, ಅವ್ರ ಜೊತೆ ಕೂತು ಉಣ್ತೀನಿ ಅನ್ನೋರು."

ನಮ್ಮ ಜೊತೆ ಅಮ್ಮ ಉಂಡಿರಲಿಲ್ಲ. ಉಂಡದ್ದು ನಾವು. ಅವಳು ಗೋಡೆಗೆ ಕಾಲು ಏರಿಸಿಕೊಂಡು ಕಣ್ಣು ಮುಚ್ಚಿದ್ದಳು. ನನಗೆ ಅಳು ಬರುವ ಮೊದಲು ಬಂದದ್ದು ಕೋಪ. ಊರವರ ಮಕ್ಕಳನ್ನೆಲ್ಲ ಹೊತ್ತಿಗೆ ಸರಿಯಾಗಿ ಉಣ್ಣಿಸಿ, ನಮಗೆ ಮಾತೇ ಉಳಿಯದ ಅಮ್ಮನನ್ನೂ ತಣ್ಣಗಾದ ಅನ್ನವನ್ನೂ ತಂದಳಲ್ಲ ಎಂದು. ಆ ಡಬ್ಬಿಯನ್ನು ನಾವು ಪ್ರೀತಿ ಎಂದುಕೊಂಡಿದ್ದೆವು. ಅದು ಬರೀ ಆಯಾಸವಾಗಿತ್ತು.

ಆ ಕೋಪವನ್ನು ಹೊತ್ತುಕೊಂಡೇ ಮನೆಗೆ ಬಂದೆ. ಅಮ್ಮ ಬಟ್ಟೆ ಮಡಚುತ್ತಿದ್ದಳು. "ನೀನ್ಯಾಕೆ ಒಂದಿನಾನೂ ಉಣ್ತಿರ್ಲಿಲ್ಲ?" ಎಂದು ನೇರವಾಗಿ ಕೇಳಿಬಿಟ್ಟೆ. ನಾವು ಎಲ್ಲಿಗೆ ಹೋಗಿ ಬಂದೆವೆಂದು ಅವಳಿಗೆ ಅಲ್ಲೇ ತಿಳಿಯಿತು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು.

"ಒಬ್ಬರು ನಿಂತ್ರೆ ತಾನೇ ಇನ್ನೊಬ್ಬರು ಕೂರೋದು? ಇದ್ದ ಜನ ಅಷ್ಟೇ. ಬೇರೆ ದಾರಿ ನಂಗೆ ಕಾಣ್ಲಿಲ್ಲ." ಆಮೇಲೆ ಪಿಟೀಲಿನ ಕಡೆ ತಿರುಗಿದಳು. "ಅದಕ್ಕೇ ಅಲ್ಲಿಗೆ ಬೇಡ ಅಂದಿದ್ದು. ಮೊದಮೊದಲು ಉಣ್ಣೋಕೆ ಕಳಿಸ್ತಾರೆ. ಆಮೇಲೆ ಒಂದಿನ ನಿಂಗೂ ನಿಲ್ಲೋ ಸರದಿ ಬರುತ್ತೆ. ನೀನು ನನ್ನ ಮಗಳು, ನಿಂತುಬಿಡ್ತೀಯ."

"ನಿಲ್ಲೋದು ಎಲ್ಲಾ ಕಡೆ ಇದೆಯಮ್ಮ" ಎಂದಳು ಪಿಟೀಲು. "ಉಳಿದ ಕಡೆ ಉಂಡು ಬಾ ಅನ್ನೋರೇ ಇಲ್ಲ."

ಅಮ್ಮ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಮುಂದಿನ ವಾರ ನಾನು ತಂಗಿಯ ಯೂನಿಫಾರಂ ಹೊಲಿದೆ, ಸೊಂಟದಲ್ಲಿ ಬಿಡಿಸಲು ಬರುವ ಹಾಗೆ ಬಟ್ಟೆ ಬಿಟ್ಟೇ ಹೊಲಿದೆ.

ಅವಳು ದೊಡ್ಡಾಸ್ಪತ್ರೆಗೆ ಸೇರಿದಳು. ಸಂಜೆ ಅವಳು ಬರುವ ಹೊತ್ತಿಗೆ ಅಮ್ಮ ಬಾಗಿಲಲ್ಲಿ ಇರುತ್ತಿದ್ದಳು. ಹೇಗಿತ್ತು, ಏನಾಯಿತು ಎಂದು ಏನೂ ಕೇಳುತ್ತಿರಲಿಲ್ಲ, ಚೀಲಕ್ಕೆ ಕೈ ಹಾಕಿ ಡಬ್ಬಿ ಎತ್ತುತ್ತಿದ್ದಳು. ಹಗುರ. ಆಮೇಲೆ ಒಳಗೆ ಹೋಗುತ್ತಿದ್ದಳು. ಪಿಟೀಲು ದಣಿದೇ ಬರುತ್ತಿದ್ದಳು, ಆದರೆ ಚಪ್ಪಲಿ ಬಿಡುತ್ತಲೇ ಮುಖ್ಯ ಸಿಸ್ಟರಿನ ಬೂಟಿನ ಸದ್ದನ್ನು ಅಣಕಿಸುವಷ್ಟು ಜೀವ ಉಳಿದಿರುತ್ತಿತ್ತು. ಹೀಗೆ ಒಂದು ವರ್ಷಕ್ಕೂ ಹೆಚ್ಚು ನಡೆಯಿತು.

ಒಂದು ಸಂಜೆ ಅಮ್ಮ ಡಬ್ಬಿಯನ್ನು ಎತ್ತಿದವಳು ಹಾಗೇ ಹಿಡಿದುಕೊಂಡು ನಿಂತಳು. ನಾನು ಅಂಗಡಿಯಿಂದ ಆಗಷ್ಟೇ ಬಂದಿದ್ದೆ. ಅವಳ ಮಣಿಕಟ್ಟು ಬಾಗಿದ್ದನ್ನು ನೋಡಿಯೇ ನನಗೆ ಗೊತ್ತಾಯಿತು.

"ಹೊಸಬಳು ಬಂದ್ಳಾ?" ಎಂದಳು ಅಮ್ಮ.

"ಹೂಂ. ಇನ್ನೂ ಚಿಕ್ಕ ಹುಡುಗಿ. ಸೂಜಿ ಹಿಡಿಯೋದೂ ಸರಿಯಾಗಿ ಬರಲ್ಲ." ಪಿಟೀಲು ಅಷ್ಟು ಹೇಳಿ ನೆಲದ ಮೇಲೆ ಮಲಗಿ, ಕಾಲುಗಳನ್ನು ಗೋಡೆಗೆ ಏರಿಸಿದಳು. ಅಮ್ಮನ ಕಲೆಗಳು ಇದ್ದ ಜಾಗದಲ್ಲೇ.

ಅಮ್ಮ ಡಬ್ಬಿಯ ಅನ್ನವನ್ನು ಬಾಣಲೆಗೆ ಸುರಿದು ಬಿಸಿ ಮಾಡಿದಳು, ತಟ್ಟೆಗೆ ಹಾಕಿ ತಂದಳು. ತಟ್ಟೆಯ ಅಂಚಿನಲ್ಲಿ ಮೊಟ್ಟೆ ಇತ್ತು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ, ನನ್ನ ಕೈ ತಾನಾಗಿಯೇ ಮೊಟ್ಟೆಯ ಕಡೆ ಹೋಯಿತು. ಅಮ್ಮ ಪಟಾರನೆ ಕೈಗೆ ಹೊಡೆದಳು.

"ಮುಟ್ಟಬೇಡ. ಅದು ಅವಳ ಊಟ."

ಪಿಟೀಲನ್ನು ತೋಳು ಹಿಡಿದು ಎಬ್ಬಿಸಿ ಕೂರಿಸಿದಳು. ಹಸಿವಿಲ್ಲ, ಹಸಿವು ಸತ್ತುಹೋಗಿದೆ ಎಂದು ಅವಳು ರಾಗ ಎಳೆದಳು. "ನಂಗೊತ್ತು, ಸಾಯುತ್ತೆ. ಆದ್ರೂ ಉಣ್ಣು" ಎಂದಳು ಅಮ್ಮ. ಪಿಟೀಲು ತಲೆ ಬಗ್ಗಿಸಿ ಉಣ್ಣತೊಡಗಿದಳು. ಅಮ್ಮ ತನ್ನ ಊದಿದ ಕಾಲುಗಳಲ್ಲೇ ಅವಳ ಪಕ್ಕದಲ್ಲಿ ನಿಂತಿದ್ದಳು, ಒಂದು ಕೈ ಗೋಡೆಗೆ ಕೊಟ್ಟು.

"ನೀನೂ ಕೂತ್ಕೋ ಅಮ್ಮ" ಎಂದೆ.

"ಅವಳದು ಆಗ್ಲಿ" ಎಂದಳು.