ನಾವು ರೇಂಜರ್‌ಗಳಾಗಿದ್ದ ಬೇಸಿಗೆ

ನಮ್ಮೂರು ತಳಕಿನ ಮಕ್ಕಳಿಗೆ ಆಗೆಲ್ಲ ಬೇಸಿಗೆ ರಜೆ ಎಂದರೆ ಬಿತ್ತನೆಗೆ ಶೇಂಗಾ ಸುಲಿಯುವುದು, ಬೇಸರವಾದರೆ ಗ್ರಂಥಾಲಯದ ಒಂದೇ ಒಂದು ಕಪಾಟು. ನಾನು ಏಳನೇ ತರಗತಿ ಮುಗಿಸಿದ ವರ್ಷ ಅಲ್ಲಿ ರಟ್ಟು ಹರಿದ ಹಳೆಯ ಕಾದಂಬರಿಯೊಂದು ಸಿಕ್ಕಿತು. ಯಾವುದೋ ದೂರದ ದೇಶದಿಂದ ಕನ್ನಡಕ್ಕೆ ಬಂದದ್ದು. ಕಾಡಿನ ರೇಂಜರ್ ಆಗುವ ಹುಡುಗಿಯ ಕಥೆ. ಕುದುರೆ ಸವಾರಿ, ದಿಕ್ಸೂಚಿ, ಕಾಡ್ಗಿಚ್ಚು ಆರಿಸುವ ವಿಧಾನ ಎಲ್ಲ ಅದರಲ್ಲಿತ್ತು. ಪುಟಗಳಿಗೆ ಸೀಮೆಎಣ್ಣೆಯ ವಾಸನೆ.

ಪಂಪ್‌ಸೆಟ್ ಮೆಕ್ಯಾನಿಕ್‌ರ ಮಗಳು ನಸ್ರೀನ್ ನನ್ನ ಗೆಳತಿ. ಅವಳು ಅದನ್ನು ಮೂರು ಸಲ ಓದಿದಳು.

"ನಾವೂ ರೇಂಜರ್ ಆಗಾಣ ಕಣೇ."

"ಇಲ್ಲಿ ಕಾಡೆಲ್ಲೈತೆ?"

"ಕಾವಲು ಐತಲ್ಲ."

ಕಾವಲು ಎಂದರೆ ಊರಾಚೆಯ ಹುಲ್ಲುಬಯಲು. ಹುರಿದ ಶೇಂಗಾ, ಬೆಲ್ಲ ಕಟ್ಟಿಕೊಂಡು ದಿನಾ ಬೆಳಿಗ್ಗೆ ಹೋಗಿ ಜಿಂಕೆ ಎಣಿಸಿ ಬರೆದುಕೊಳ್ಳುತ್ತಿದ್ದೆವು. ಅಲ್ಲಿ ಓಬಮ್ಮಜ್ಜಿ ಮುಳ್ಳುಬೇಲಿಯ ರೊಪ್ಪದಲ್ಲಿ ಕುರಿಮರಿಗಳನ್ನು ಕೂಡಿಹಾಕಿ ಕಾಯುತ್ತಿದ್ದರು. ದೊಡ್ಡ ಕುರಿಗಳನ್ನು ಅವರ ಮಗ ಮೇಯಿಸಲು ಹೊಡೆದುಕೊಂಡು ಹೋಗಿರುತ್ತಿದ್ದ.

"ಅವೇನು ಇಸ್ಕೂಲಿಗೆ ಬರ್ತಾವಾ, ಹಾಜ್ರಿ ಹಾಕಾಕೆ?" ಎಂದು ಅಜ್ಜಿ ನಗುತ್ತಿದ್ದರು.

ಒಂದು ದಿನ ಪಡುವಲಲ್ಲಿ ಹೊಗೆ ಎದ್ದಿತು. ಒಣಹುಲ್ಲು ಚಟಚಟ ಉರಿಯುತ್ತಿತ್ತು, ಗಾಳಿ ರೊಪ್ಪದ ಕಡೆಗೇ ಬೀಸುತ್ತಿತ್ತು. ನಸ್ರೀನ್ ಅಜ್ಜಿಯ ಸಂಚಿಯಿಂದ ಕಡ್ಡಿಪೆಟ್ಟಿಗೆ ತೆಗೆದೇಬಿಟ್ಟಳು.

"ಎದುರು ಬೆಂಕಿ ಹಚ್ಬೇಕಜ್ಜಿ, ಮುಂದಿನ ಹುಲ್ಲು ಮೊದ್ಲೇ ಸುಟ್ರೆ ಆ ಬೆಂಕಿ ನಿಲ್ತೈತೆ, ಪುಸ್ತಕದಾಗೆ ಹಂಗೇ ಐತೆ!"

ಅಜ್ಜಿ ಅವಳ ಕೈಗೊಂದು ಏಟು ಕೊಟ್ಟು ಕಿತ್ತುಕೊಂಡರು. "ನಿಮ್ ಪುಸ್ತಕಕ್ಕೆ ನಮ್ ಗಾಳಿ ಗೊತ್ತೇನೇ? ಬೇಲಿ ಕೀಳ್ರೇ! ಮರಿಗಳ್ನ ಕೆರೆಯೊಳಕ್ಕೆ ಹೊಡೀರಿ!"

ರೊಪ್ಪದ ಪಕ್ಕದ ಬತ್ತಿದ ಕೆರೆಯಲ್ಲಿ ಒಂದು ಎಸಳು ಹುಲ್ಲೂ ಇರಲಿಲ್ಲ, ಬೆಂಕಿ ಅಲ್ಲಿಗೆ ಬರುವಂತಿರಲಿಲ್ಲ. ಬರಿಗೈಲಿ ಮುಳ್ಳು ಎಳೆದೆವು. ಮರಿಗಳು ಓಡದೆ ಒಂದಕ್ಕೊಂದು ಅಂಟಿ ನಿಂತವು; ಎರಡೆರಡು ಎತ್ತಿಕೊಂಡು ಓಡಿದೆವು, ಮತ್ತೆ ಬಂದೆವು. ಕೊನೆಗೆ ಬೇಲಿಗೆ ಬೆಂಕಿ ಹತ್ತಿದಾಗ ಒಳಗಿನ್ನೂ ಒಂದು ಮರಿ ಉಳಿದಿತ್ತು. ನಾನು ಕೆರೆಯ ಅಂಚಿನಲ್ಲೇ ನಿಂತೆ. ನಸ್ರೀನ್ ಹೋದಳು. ಹೊಗೆಯೊಳಗಿಂದ ಮರಿಯನ್ನು ಎದೆಗವಚಿಕೊಂಡು ಬಂದಾಗ ಅವಳ ಬಲಗೈ ಸುಟ್ಟಿತ್ತು.

ಅಜ್ಜಿ ಸೆರಗು ಹರಿದು ಕೈಗೆ ಸುತ್ತಿದರು. "ಇದೂ ಪುಸ್ತಕದಾಗೆ ಐತೇನವ್ವಾ?"

"ಇಲ್ಲಜ್ಜಿ," ಅಂದಳು ನಸ್ರೀನ್. ಆಗ ಅಳು ಬಂತು ಅವಳಿಗೆ.

ಅವಳ ಅಬ್ಬ "ಮರಿ ಬದುಕ್ತಾ?" ಎಂದಷ್ಟೇ ಕೇಳಿದರಂತೆ. ನಮ್ಮವ್ವ ಮಾತ್ರ ಮರುದಿನದಿಂದ ನನ್ನನ್ನು ಕಾವಲಿಗೆ ಬಿಡಲಿಲ್ಲ.

ಈಗ ಕಾವಲನ್ನು ಸರ್ಕಾರದ ಸಂಸ್ಥೆಗಳಿಗೆ ಕೊಟ್ಟು, ಆ ಕಡೆ ಉದ್ದಕ್ಕೂ ಗೋಡೆ ಎದ್ದಿದೆ. ಓಬಮ್ಮಜ್ಜಿ ಇಲ್ಲ. ಮೊಳಕಾಲ್ಮೂರಿನ ಬಸ್ಸಿನಲ್ಲಿ ಕೂತು ಎಷ್ಟು ಕಣ್ಣು ಹಾಯಿಸಿದರೂ ಒಂದು ಜಿಂಕೆಯೂ ಕಾಣುವುದಿಲ್ಲ. ನಸ್ರೀನ್ ದೊಡ್ಡವಳಾದ ಮೇಲೆ ಅರಣ್ಯ ರಕ್ಷಕರ ನೇಮಕಾತಿಗೆ ಹೋಗಿದ್ದಳು. ಎತ್ತರ ಎರಡು ಬೆರಳು ಸಾಲಲಿಲ್ಲವೆಂದು ವಾಪಸ್ ಕಳಿಸಿದರು. ಚಳ್ಳಕೆರೆಯಲ್ಲಿ ಈಗ ಅವಳದೊಂದು ಹೊಲಿಗೆ ಅಂಗಡಿ. ನನಗೆ ಬೇಕಾದಷ್ಟು ಎತ್ತರ ಇತ್ತು. ನಾನು ಅರ್ಜಿಯನ್ನೇ ಹಾಕಲಿಲ್ಲ.