ಓಬಳಪ್ಪ ಲೇಪಾಕ್ಷಿಗೆ ಸಾಗಿಸಿದ ಹಕ್ಕಿಗಳು

ಕಲ್ಯಾಣದುರ್ಗದ ಓಬಳಪ್ಪ ಕುರಿ ವ್ಯಾಪಾರಿ. ಕುಂದುರ್ಪಿ ಕಡೆಯ ಹಳ್ಳಿಗಳಲ್ಲಿ ಕುರಿ ಕೊಂಡು ಹಿಂದೂಪುರದಲ್ಲಿ ಮಾರುವುದು ಅವನ ಮೂವತ್ತು ವರ್ಷದ ಕಸುಬು. ಆ ಕಸುಬಿಗೆ ಒಂದು ನೇಮವುಂಟು. ಕುರಿಯ ಹಲ್ಲು ತೋರಿಸಬಹುದು, ಬೆನ್ನು ಮುಟ್ಟಿಸಬಹುದು, ಆದರೆ ಅದು ಯಾವ ಊರಿನದೆಂದು ಹೇಳಬಾರದು. ಹೇಳಿದರೆ ಮುಂದಿನ ವಾರ ಆ ಹಟ್ಟಿಯ ಮುಂದೆ ಇನ್ನೊಬ್ಬನ ಗಾಡಿ ನಿಂತಿರುತ್ತದೆ. ಹಾಗಾಗಿ ಯಾರು ಕೇಳಿದರೂ ಓಬಳಪ್ಪನ ಬಾಯಲ್ಲಿ ಒಂದೇ ಮಾತು: "ಲೇಪಾಕ್ಷಿ ಕಡೇವು ಕಣಪ್ಪ." ಸಂತೆಯಲ್ಲಿ ಅದನ್ನು ನಂಬಿದವರಿಲ್ಲ. ಅವರು ಹೇಳಿದ ಊರನ್ನು ಇವನೂ ನಂಬುತ್ತಿರಲಿಲ್ಲ. ಎಲ್ಲರೂ ಸುಳ್ಳು ಹೇಳುವ ಕಡೆ ಯಾರಿಗೂ ಮೋಸವಾಗುವುದಿಲ್ಲ.

ಇಂಥವನಿಗೆ ಹಕ್ಕಿಯ ಹುಚ್ಚು ಹಿಡಿಯಿತು. ಕುಂದುರ್ಪಿಯಾಚೆ ಒಂದು ಬೋಳು ಇಳಿಜಾರು. ಮೊಣಕಾಲೆತ್ತರದ ಗಿಡವೂ ಇಲ್ಲ, ಬರೀ ಗರಿಕೆ, ಕಲ್ಲು. ಮಂದೆ ಬರುವುದನ್ನು ಕಾಯುತ್ತ ಅಲ್ಲಿ ಕೂತಾಗ, ಕೆಂಗಂದು ಎದೆಯ, ಹುಬ್ಬಿಗೆ ಬಿಳಿ ಬಳಿದಂಥ ಹಕ್ಕಿಯೊಂದು ನಾಲ್ಕು ಮಾರು ಓಡುವುದು, ಗಕ್ಕನೆ ನಿಲ್ಲುವುದು, ಮತ್ತೆ ಓಡುವುದು. ಅವನು ಅದಕ್ಕೆ ಓಟದಕ್ಕಿ ಎಂದು ಹೆಸರಿಟ್ಟ. ಗೂಡು ಕಟ್ಟದೆ, ನೆಲದ ಮೇಲೆ, ಕುರಿ ಹಿಕ್ಕೆಯ ನಡುವೆಯೇ ಮೊಟ್ಟೆಯಿಡುವ ಅದರ ಧೈರ್ಯ ಅವನಿಗೆ ಹಿಡಿಸಿತು.

"ಕುರಿ ನೋಡ್ಕಂಡು ಬತ್ತೀನಿ ಅಂತ ಹೋಗಿ ಪಿಟ್ಟ ನೋಡ್ಕಂಡು ಬಂದ್ಬುಟ್ಟ" ಎಂದು, ಹಕ್ಕಿಗೆ ಪಿಟ್ಟ ಅನ್ನುವ ಹೆಂಡತಿ ರಾಮಾಂಜಿನಮ್ಮ ಕೇರಿಗೆಲ್ಲ ಸಾರಿದಳು.

ಹಿಂದೂಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಹೇಳುವ ಹರಿತಾ ಮಾತ್ರ ನಗಲಿಲ್ಲ. ಒಮ್ಮೆ ಸಂತೆಯಲ್ಲಿ ಅವನ ಫೋನಿನಲ್ಲಿ ಆ ಹಕ್ಕಿಯ ಫೋಟೋ ಕಂಡವಳೇ ಒಂದು ಆ್ಯಪ್ ಹಾಕಿಕೊಟ್ಟಳು. ಯಾವ ಹಕ್ಕಿ, ಯಾವ ದಿನ, ಯಾವ ಜಾಗ ಎಂದು ನಮೂದಿಸಿದರೆ ಅದು ಎಲ್ಲರಿಗೂ ತೆರೆದಿಟ್ಟ ಕಣಜಕ್ಕೆ ಸೇರುತ್ತದೆ. ಊರೂರಿನವರು ಹಾಕಿದ ಕಾಳನ್ನು ಒಟ್ಟುಗೂಡಿಸಿ, ಯಾವ ಜೀವ ಎಲ್ಲಿ ಉಳಿದಿದೆ, ಎಲ್ಲಿ ಅಳಿಯುತ್ತಿದೆ ಎಂದು ಓದಿದವರು ಲೆಕ್ಕ ಹಾಕುತ್ತಾರೆ.

"ಎಲ್ಲಾರ್ಗೂ ಕಾಣ್ತದಾ?" ಎಂದು ಓಬಳಪ್ಪ ಕೇಳಿದ್ದ.

"ಎಲ್ಲರಿಗೂ ಅಣ್ಣಾ. ಅದೇ ಅದರ ಲಾಭ."

ಲಾಭ ಅನ್ನುವ ಮಾತು ವ್ಯಾಪಾರಿಯ ಕಿವಿಯಲ್ಲಿ ಬೇರೆಯೇ ಆಗಿ ಕೇಳಿತು. ಓಟದಕ್ಕಿ ಇರುವ ಕಡೆ ಹುಲ್ಲು ಚೆನ್ನ, ಹುಲ್ಲು ಚೆನ್ನಾಗಿದ್ದ ಕಡೆ ಕುರಿ ಮೈತುಂಬಿರುತ್ತದೆ. ಎದುರು ವ್ಯಾಪಾರಿ ರುದ್ರೇಶನಿಗೂ ಫೋನಿದೆ. ಓಬಳಪ್ಪ ನಕ್ಷೆಯ ಮೇಲೆ ಬೆರಳಿಟ್ಟು ಹಕ್ಕಿಯನ್ನು ಲೇಪಾಕ್ಷಿಗೆ ಎಳೆದ. ನಾಲ್ಕು ವರ್ಷದಲ್ಲಿ ಇನ್ನೂರಕ್ಕೂ ಮೀರಿ ಹಕ್ಕಿಗಳನ್ನು ಬಾಡಿಗೆ ಇಲ್ಲದೆ ಸಾಗಿಸಿದ.

ಈ ಏಪ್ರಿಲ್‌ನಲ್ಲಿ ಹರಿತಾಳ ಫೋನು ಬಂತು. ದನಿಯಲ್ಲಿ ಹಬ್ಬವಿತ್ತು.

"ಅಣ್ಣಾ, ನಿಮ್ಮಿಂದ ಒಂದು ಜಾಗ ಉಳೀತು! ಬೋಳು ನೆಲಕ್ಕೆಲ್ಲ ಗುಂಡಿ ತೋಡಿ ಗಿಡ ನೆಡೋ ಅರಣ್ಯ ಇಲಾಖೆ ಯೋಜನೆ ಬಂದಿದೆ, ಹಕ್ಕಿ ಲೆಕ್ಕ ನೋಡಿ ಹೇಳಿ ಅಂತ ನನ್ನ ಕೇಳಿದ್ರು. ಬೋಳು ನೆಲ ಹೋದ್ರೆ ಓಟದಕ್ಕಿ ಇರಲ್ಲ, ಎರಡು ಜಾಗದಲ್ಲಿ ಒಂದನ್ನಾದ್ರೂ ಬಿಡಿ ಅಂತ ಕೇಳ್ದೆ. ನಿಮ್ಮ ದಾಖಲೆ ತೋರಿಸಿ ಲೇಪಾಕ್ಷೀದು ಬಿಡಿಸ್ದೆ. ಇನ್ನೊಂದು ಕುಂದುರ್ಪಿ ಕಡೇದು. ಅಲ್ಲಿ ಒಂದು ಹಕ್ಕೀನೂ ಯಾರೂ ಬರ್ದಿಲ್ಲ, ಅದಕ್ಕೆ ತಕರಾರಿಲ್ಲ ಅಂತ ನಾನೇ ಸಹಿ ಹಾಕ್ದೆ."





"ಅಮ್ಮಾ... ಲೇಪಾಕ್ಷೀಲಿ ನಾನು ಒಂದೂ ನೋಡಿಲ್ಲ ಕಣಮ್ಮ. ಎಲ್ಲಾ ಕುಂದುರ್ಪೀವು."



"ಎಲ್ಲವೂ?"

"ಎಲ್ಲವೂ."

"ಫೋಟೋದಲ್ಲಿ ಜಾಗ ದಾಖಲಾಗಿರತ್ತಲ್ಲ?"

"ಅದ್ನೂ ಆಫ್ ಮಾಡಿಟ್ಟಿದ್ದೆ. ರುದ್ರೇಶ ಬಲೇ ಹುಷಾರಿ."

"ನಾನು ಯಾರ ಕುರೀನೂ ಕೊಳ್ಳೋಳಲ್ಲ ಅಣ್ಣಾ" ಎಂದಳು ಹರಿತಾ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಸಂತೆಯಲ್ಲಿ ಬೈಸಿಕೊಂಡು ಚರ್ಮ ಗಟ್ಟಿಯಾಗಿತ್ತು.

"ಈಗ್ಲೇ ಎಲ್ಲಾ ತಿದ್ದಿಬಿಡ್ತೀನಮ್ಮ."

"ಇವತ್ತು ತಿದ್ದಿದ್ರೆ ಯಾರು ನಂಬ್ತಾರೆ? ಆ ಗುಡ್ಡಕ್ಕೆ ನಿಮ್ಮನ್ನ ಬಿಟ್ಟು ಇನ್ನೊಬ್ಬರು ಹೋಗಿ ಬರೆದಿದ್ರೆ ತಾಳೆ ನೋಡಬಹುದಿತ್ತು. ಇನ್ನೊಬ್ಬರು ಹೋಗದ ಹಾಗೆ ನೀವೇ ನೋಡ್ಕೊಂಡ್ರಿ."

ಮರುದಿನ ಇಬ್ಬರೂ ಇಳಿಜಾರಿಗೆ ಹೋಗುವ ಹೊತ್ತಿಗೆ ಜೇಸಿಬಿ ಬಂದು ಅರ್ಧ ಗುಡ್ಡ ತೋಡಿತ್ತು. ಗರಿಕೆ ಮಗುಚಿ ಬಿದ್ದಿತ್ತು. ಓಬಳಪ್ಪ ಬಗ್ಗಿ ಬಗ್ಗಿ ನಡೆದ. ಎರಡು ತಾಸು ಹುಡುಕಿದ ಮೇಲೆ, ಇನ್ನೂ ತೋಡದ ಜಾಗದಲ್ಲಿ, ಹಿಕ್ಕೆಯ ನಡುವೆ ಎರಡು ಮೊಟ್ಟೆ ಕಂಡವು. ಹಕ್ಕಿ ದೂರದ ಮಣ್ಣುಗುಡ್ಡೆಯ ಬಳಿ ಓಡುತ್ತಿತ್ತು, ನಿಲ್ಲುತ್ತಿತ್ತು.

ಹರಿತಾ ಫೋಟೋ ತೆಗೆದು, ನಿಂತ ಜಾಗದಿಂದಲೇ ದಾಖಲೆ ಹಾಕಿ ಅರಣ್ಯ ಇಲಾಖೆಯ ಆಫೀಸಿಗೆ ಫೋನು ಮಾಡಿದಳು. ಸಾಹೇಬರು ನಕ್ಕರಂತೆ. "ಹೋದ ವಾರ ತಕರಾರಿಲ್ಲ ಅಂದ್ರಿ, ಈ ವಾರ ಇದೆ ಅಂತೀರ. ಅರ್ಜಿ ಬರ್ಕೊಡಿ, ಸೋಮವಾರ ನೋಡೋಣ." ಅಂದು ಗುರುವಾರ.

ಜೇಸಿಬಿ ಓಡಿಸುವ ಭೀಮೇಶ್ ಎಂಜಿನ್ ಆರಿಸದೆ ಇಳಿದು ಬಂದ. "ಎಕ್ಕಡ? ಎಲ್ಲೈತೆ? ಏನೂ ಕಾಣ್ತಿಲ್ಲವಲ್ಲ."

ಓಬಳಪ್ಪ ಬೆರಳು ತೋರಿದ. ಭೀಮೇಶನಿಗೆ ಎರಡು ಸಲ ನೋಡಿದ ಮೇಲೆ ಮೊಟ್ಟೆ ಕಂಡವು.

"ಅಬ್ಬಾ, ಕಲ್ಲೇ ಅನ್ಕಂಡೆ! ಸರಿ, ಒಂದು ಮಂಚದಷ್ಟು ಜಾಗ ಬಿಡ್ತೀನಿ ದೊಡ್ಡಪ್ಪ. ನೀನು ಇಲ್ಲಿ ನಿಂತಿರೋತನ್ಕ. ಸಂಜೇಗೆ ನಾನೂ ಗುಂಡಿ ಲೆಕ್ಕ ಒಪ್ಪಿಸ್ಬೇಕು."

ಯಂತ್ರ ಬೆನ್ನ ಹಿಂದೆ ಮತ್ತೆ ಕೆಲಸ ಹಿಡಿಯಿತು. ಬಿಸಿಲು ನೆತ್ತಿಗೇರಿತು. ಕಾವಿಗೆ ಕೂರಬೇಕಾದ, ನೆರಳು ಕೊಡಬೇಕಾದ ಹಕ್ಕಿ ದೂರದಲ್ಲೇ ನಿಂತಿತ್ತು. ಓಬಳಪ್ಪ ಹೆಗಲ ಟವೆಲ್ ಬಿಚ್ಚಿ ಮೊಟ್ಟೆಗಳ ಮೇಲೆ ನೆರಳಾಗುವಂತೆ ಎರಡೂ ಕೈಯಲ್ಲಿ ಹಿಡಿದು ನಿಂತ.

"ಬನ್ನಿ ಅಣ್ಣಾ" ಎಂದಳು ಹರಿತಾ. "ನೀವು ಇಲ್ಲಿದ್ರೆ ಅದು ಹತ್ತಿರ ಬರೋದಿಲ್ಲ."

"ನಾನು ಹೋದ್ರೆ ಜೇಸಿಬಿ ಬತ್ತದಲ್ಲಮ್ಮ" ಎಂದ ಓಬಳಪ್ಪ, ಕೈ ಇಳಿಸಲಿಲ್ಲ.