ಎಲುಬಿನೊಳಗಿನ ಕೆಲಸ

ಹದಿನಾರು ವರ್ಷ ನಿಂತೇ ದುಡಿದವಳು ನಾನು. ಚಿಂಚೋಳಿಯಿಂದ ಸುಲೇಪೇಟ ದಾಟಿ ಕಲಬುರಗಿಗೆ ಹೋಗಿ ಬರುವ ಬಸ್ಸಿನ ಕಂಡಕ್ಟರ್. ಎದೆಯ ಗಂಟು ತೆಗೆಸಿ ಕಿಮೋ ಶುರುವಾದ ಮೇಲೆ, ಜನರ ನಡುವೆ ಹೋಗಬೇಡ, ಮನೆಯಲ್ಲೇ ಇರು ಅಂದರು ಡಾಕ್ಟರು. ಇರುವುದು ನನಗೆ ಬರುತ್ತಿರಲಿಲ್ಲ. ಚಿಂಚೋಳಿ ಪಕ್ಕದ ಚಂದಾಪುರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಡಿಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡಿಗೆಮನೆಗೆ ತಿರುಗುತ್ತಿದ್ದೆ. ಹಾರ್ನ್ ಕೇಳಿದರೆ ಯಾವ ಬಸ್ಸು, ಎಷ್ಟು ತಡ ಎಂದು ಹೇಳಿಬಿಡುತ್ತಿದ್ದೆ.

ಮೊದಲ ಕಿಮೋ ಆದ ಮೇಲೆ ಸೋಂಕು ತಡೆಯುವ ಬಿಳಿ ರಕ್ತಕಣ ತೀರ ಇಳಿದು, ಎರಡನೆಯದು ಮುಂದಕ್ಕೆ ಹೋಯಿತು. ಹಾಗಾಗಿ ಎರಡನೆಯದರ ನಂತರ ಡಾಕ್ಟರು ರಕ್ತಕಣ ಬೆಳೆಸುವ ಐದು ಇಂಜೆಕ್ಷನ್ ಬರೆದರು, ದಿನಕ್ಕೊಂದು. ಅವು ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ನನ್ನ ಗಂಡ ಅವನ್ನು ಟವೆಲ್ಲಿನಲ್ಲಿ ಸುತ್ತಿ, ಐಸ್ ತುಂಬಿದ ಡಬ್ಬಿಯಲ್ಲಿಟ್ಟು, ಕಲಬುರಗಿಯಿಂದ ಮನೆಯವರೆಗೆ ತೊಡೆಯ ಮೇಲಿನಿಂದ ಇಳಿಸಲಿಲ್ಲ.

ಚುಚ್ಚುತ್ತಿದ್ದವರು ಪಕ್ಕದ ಮನೆಯ ಖಾಲಾ, ಉರ್ದುವಿನಲ್ಲಿ ಚಿಕ್ಕಮ್ಮ ಎಂದು ನಾವೆಲ್ಲ ಕರೆಯುತ್ತಿದ್ದವರು. ನರ್ಸ್ ಆಗಿದ್ದು ನಿವೃತ್ತರಾದವರು. ಮೂರನೆಯ ದಿನ ನನ್ನ ಸೊಂಟ, ತೊಡೆ, ಎದೆಯ ಎಲುಬು ಒಳಗಿನಿಂದ ಜಗ್ಗತೊಡಗಿದವು. ರೋಗ ಎಲುಬಿಗೆ ಇಳಿಯಿತು ಅಂದುಕೊಂಡೆ. ಗಂಡನಿಗೆ ಹೇಳಲಿಲ್ಲ. ಖಾಲಾ ಬಂದಾಗ ಕೇಳಿಯೇಬಿಟ್ಟೆ.

"ಎಲುಬಿಗೆ ಹಬ್ಬೇದೇನ್ರಿ?"

"ಇಲ್ಲವ್ವ. ಎಲುಬಿನ ಒಳಗ ಮಜ್ಜಿ ಇರ್ತದ. ಬಿಳಿ ಕಣ ಲಗೂ ಲಗೂ ಮಾಡು ಅಂತ ಈ ಇಂಜೆಕ್ಷನ್ ಅದರ ಬೆನ್ನು ಹತ್ಯಾದ. ಒಳಗ ಕೆಲಸ ನಡದದ, ಅದರ ನೋವು."

"ಹಂಗಾದ್ರ ಇನ್ನ ಹೊರಗ ಹೋಗಬಹುದಲ್ಲ?"

"ಎಲ್ಲಿ ಹೋಗ್ತಿ? ಕಣ ಇನ್ನೂ ಇಳಿದು ಏರಬೇಕು. ಮೈ ಬಿಸಿಯಾದ್ರ ನನಗ ಹೇಳು, ಕುಂತಿರಬ್ಯಾಡ."

ನೋವು ರೋಗದ್ದಲ್ಲ ಎಂಬಷ್ಟನ್ನೇ ನನ್ನ ಕಿವಿ ಹಿಡಿದುಕೊಂಡಿತು. ಎಂಟನೆಯ ದಿನಕ್ಕೆ ನೋವು ಪೂರಾ ಹೋಗಿತ್ತು. ಗಂಡ ಕೆಲಸಕ್ಕೆ ಹೋದ ಮೇಲೆ ಬೋಳುತಲೆಗೆ ಸೆರಗು ಬಿಗಿದುಕೊಂಡು ಸುಲೇಪೇಟದ ಬಸ್ ಹತ್ತಿದೆ. ಸೀಟು ಕೊಟ್ಟರೂ ಕೂರಲಿಲ್ಲ. ಸಂತೆಯ ಜನ ಮೈಗೆ ಮೈ ತಾಗಿಸಿ ನಿಂತಿದ್ದರು. ಎಷ್ಟೋ ದಿನದ ಮೇಲೆ ಉಸಿರಾಡಿದಂತಾಯಿತು.

ಮರುದಿನ ಮಧ್ಯಾಹ್ನ, ಬಿರುಬಿಸಿಲಿನಲ್ಲಿ, ಎರಡು ಸ್ವೆಟರ್ ಹಾಕಿಕೊಂಡು ಚಳಿಗೆ ಹಲ್ಲು ಕಟಕಟಿಸುತ್ತಿದ್ದೆ. ಜ್ವರದ ಗುಳಿಗೆ ಕೈಯಲ್ಲಿತ್ತು. ಅಷ್ಟರಲ್ಲಿ ಖಾಲಾ ಒಳಗೆ ಬಂದರು. ಥರ್ಮಾಮೀಟರ್ ನೂರಾ ಒಂದು ದಾಟಿತ್ತು.

"ಗುಳಿಗಿ ಕೆಳಗಿಡು. ಅದು ಜ್ವರ ಮುಚ್ಚಿಡ್ತದ, ಸೋಂಕು ಹಂಗೇ ಇರ್ತದ," ಅಂದವರೇ ನನ್ನ ಗಂಡನಿಗೆ ಫೋನ್ ಮಾಡಿ ಕಾರು ತರಿಸಿದರು.

ಕಲಬುರಗಿಯಲ್ಲಿ ರಕ್ತ ತೆಗೆದು, ರಿಪೋರ್ಟಿಗೂ ಕಾಯದೆ ಕೈಗೆ ಆ್ಯಂಟಿಬಯಾಟಿಕ್ ಡ್ರಿಪ್ ಹಚ್ಚಿದರು. ಹಿಂದಿನ ದಿನ ಬಸ್ ಹತ್ತಿದ್ದನ್ನು ಹೇಳಿದೆ. ಸೋಂಕು ಬಸ್ಸಿನಿಂದ ಬಂತೋ, ಮೈಯಲ್ಲೇ ಇತ್ತೋ, ಡಾಕ್ಟರಿಗೂ ಗೊತ್ತಾಗಲಿಲ್ಲ. "ಕಣ ಕಡಿಮಿ ಅದಾವ, ಆದ್ರ ಏರಾಕತ್ತಾವ. ಇಂಜೆಕ್ಷನ್ ತಗೊಂಡಿದ್ದು ಚಲೋ ಆತು. ಬಸ್ ಹತ್ತು ಅಂತ ಯಾರು ಹೇಳಿದ್ರು?" ಅಂದರು.

ನಾಲ್ಕು ದಿನದ ಮೇಲೆ ಬಿಟ್ಟರು. ಬರುವಾಗ ಗಂಡ, "ನನಗ ಹೇಳಿದ್ರ, ಜನ ಇಲ್ಲದ ಕಡೆ ಎಲ್ಲ್ಯಾರ ಕರಕೊಂಡು ಹೋಗ್ತಿದ್ದೆ," ಅಂದರು.

ಉಳಿದ ಕಿಮೋಗಳು ಹೇಳಿದ ದಿನವೇ ಆದವು. ಬೆಳಗಿನ ಹೊತ್ತು ಗಂಡ ಬೈಕಿನಲ್ಲಿ ಕಾಡಿನ ದಾರಿಗೆ ಕರೆದೊಯ್ಯುತ್ತಿದ್ದರು. ಪ್ರತಿ ಸಲವೂ ಇಂಜೆಕ್ಷನ್ನಿನ ಮೂರನೆಯ ದಿನಕ್ಕೆ ಎಲುಬು ಜಗ್ಗುತ್ತಿತ್ತು. ಈಗ ಗಂಡನಿಗೂ ಹೇಳುತ್ತಿದ್ದೆ.